ತಾರಸಿ ಮೇಲಿನ ಹಳದಿ ಚುಕ್ಕೆ

ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಮುಂದಿಟ್ಟುಕೊಂಡು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಜೋಡಿಸುತ್ತ ಇಪ್ಪತ್ತಾರು ವರ್ಷ ಕಳೆದಿದ್ದ. ಅವನ ಹೆಂಡತಿ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದಳು. “ನಾನು ಪುಸ್ತಕಕ್ಕೆ ಬೆನ್ನು ಕೂರಿಸ್ತೀನಿ, ಇವರು ಬಾಯಿಗೆ ಹಲ್ಲು ಕೂರಿಸ್ತಾರೆ. ಇಬ್ಬರದ್ದೂ ರಿಪೇರಿ ಅಂಗಡಿಯೇ” ಎಂದು ಮನೆಗೆ ಬಂದವರ ಮುಂದೆಲ್ಲ ನಗುತ್ತಿದ್ದಳು.

ಅವನಿಗಿದ್ದ ಹುಚ್ಚು ಒಂದೇ: ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದು. ನಿಜವಾದ ವಿಮಾನ ಹತ್ತಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಕಿಟಕಿ ಸಿಗದ ಸೀಟಿನಲ್ಲಿ. ಆದರೆ ಭಾನುವಾರ ಊಟವಾದ ಮೇಲೆ ಹೆಡ್‌ಫೋನ್ ಏರಿಸಿ ಕೂತನೆಂದರೆ ಸಮುದ್ರ ದಾಟುತ್ತಿದ್ದ, ಹಿಮದ ಬೆಟ್ಟಗಳ ನಡುವೆ ಇಳಿಯುತ್ತಿದ್ದ. ಆಟ ಎಂದರೆ ಸಿಟ್ಟು. “ಆಟ ಅಲ್ಲ ಕಣೆ, ಸಿಮ್ಯುಲೇಟರ್” ಎನ್ನುತ್ತಿದ್ದ. “ಆಯ್ತಪ್ಪಾ ಪೈಲಟ್ಟು, ಇಳಿದ ಮೇಲೆ ಹಾಲು ತಂದುಕೊಡಿ” ಎನ್ನುತ್ತಿದ್ದಳು ಅವಳು.

ಅಂಥದೇ ಒಂದು ಭಾನುವಾರ ಅವಳು ಹೋಗಿಬಿಟ್ಟಳು. ಅವನು ಅಡ್ಡಗಾಳಿಯಲ್ಲಿ ಎರಡನೇ ಸಲ ಇಳಿಯಲು ಒದ್ದಾಡುತ್ತಿದ್ದ. ಚಕ್ರ ನೆಲ ಮುಟ್ಟಿದಾಗ ಚಪ್ಪಾಳೆ ತಟ್ಟಿಕೊಂಡು, ಹೆಡ್‌ಫೋನ್ ತೆಗೆದು, ಕಾಫಿ ಕೇಳಲೆಂದು ಪಕ್ಕದ ಕೋಣೆಗೆ ಹೋದ. ಅವಳು ಮಂಚದ ಅಂಚಿನಲ್ಲಿ ಒರಗಿಕೊಂಡಿದ್ದಳು, ಒಂದು ಕಾಲು ನೆಲದ ಮೇಲೆ. ಹಾಸಿಗೆಯ ಮೇಲಿದ್ದ ಹಳದಿ ಹೊದಿಕೆಯನ್ನೇ ಸುತ್ತಿ ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಆ ಹೊದಿಕೆ ವಾಪಸ್ಸು ಬರಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದರು ಡಾಕ್ಟರು. ಅವನು ಕೇಳಿದ್ದು ಒಂದೇ ಪ್ರಶ್ನೆ: “ಅವಳು ಕೂಗಿರಬಹುದಾ?” ಡಾಕ್ಟರು ಅವನ ಭುಜ ಮುಟ್ಟಿದರು.

ಹತ್ತು ತಿಂಗಳು ಅವನು ಕಂಪ್ಯೂಟರಿನ ಕೋಣೆಗೆ ಕಾಲಿಡಲಿಲ್ಲ. ಹೆಂಡತಿಯ ತಂಗಿ ಭಾನುವಾರ ಬಂದು ಹೋಗುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ. ಮಾತು ಕಡಿಮೆ, ಕೆಲಸದಲ್ಲಿ ಎತ್ತಿದ ಕೈ. ಒಂದು ದಿನ ಅವಳೇ ಆ ಕೋಣೆಯ ಬಾಗಿಲು ತೆಗೆದು ಧೂಳು ಹೊಡೆದಳು.

“ಭಾವ, ಬನ್ನಿ. ಕೂತ್ಕೊಳ್ಳಿ.”

“ಬೇಡ ಬಿಡು.”

“ಗೋಡೆ ನೋಡ್ಕೊಂಡು ಕೂರೋದಕ್ಕಿಂತ ಇದು ವಾಸಿ. ಅಕ್ಕ ಇದ್ದಿದ್ರೂ ಇದನ್ನೇ ಹೇಳ್ತಿದ್ದಳು.”

ಅವಳ ಒತ್ತಾಯಕ್ಕೆ ಕೂತ. ದೂರ ಹೋಗುವ ಮನಸ್ಸಾಗಲಿಲ್ಲ. ತಮ್ಮ ಊರಿನ ಮೇಲೆಯೇ ಸಣ್ಣ ವಿಮಾನವೊಂದನ್ನು ಎಬ್ಬಿಸಿದ. ಆ ಪ್ರೋಗ್ರಾಮಿನಲ್ಲಿ ನೆಲವೆಲ್ಲ ಒಂದೆರಡು ವರ್ಷದ ಹಿಂದೆ ಆಕಾಶದಿಂದ ತೆಗೆದ ನಿಜವಾದ ಫೋಟೋ. ರೈಲು ಹಳಿ, ನೀರಿನ ಟ್ಯಾಂಕು, ಶಾಲೆಯ ಮೈದಾನ, ತಮ್ಮ ಬೀದಿ. ಕೆಳಗಿಳಿದ. ತಮ್ಮ ಮನೆಯ ತಾರಸಿಯ ಮೇಲೆ ಒಂದು ಹಳದಿ ಚುಕ್ಕೆ.

ಇನ್ನೂ ಕೆಳಗಿಳಿದ. ಹತ್ತಿರವಾದಷ್ಟೂ ಚಿತ್ರ ಕಲಸಿದ ಬಣ್ಣದಂತಾಯಿತು. ಆದರೂ ಹಳದಿ ಹಳದಿಯೇ. ಹೆಂಡತಿ ಒಣಹಾಕಿದ ಹೊದಿಕೆ. ಅದರ ಪಕ್ಕದಲ್ಲಿ ಇನ್ನೊಂದು ಕಪ್ಪು ಗುರುತು.

“ಅದು ಯಾರು?” ಎಂದ ಅವನು. ಏನು ಎನ್ನಲಿಲ್ಲ, ಯಾರು ಎಂದ. ನಾದಿನಿ ಧೂಳಿನ ಬಟ್ಟೆ ಹಿಡಿದೇ ಹತ್ತಿರ ಬಂದಳು.

ಮರುದಿನವೇ ಕಂಪ್ಯೂಟರ್ ಅಂಗಡಿಗೆ ಹೋದ. ಅಂಗಡಿಯಾಕೆ ಕನ್ನಡಕ ಹಣೆಗೇರಿಸಿ, ಚಿತ್ರ ಮಸುಕೆಂಬ ದೂರನ್ನು ಕೇಳಿಸಿಕೊಂಡಳು. “ನಿಮ್ಮದು ತುಂಬ ಹಳೇ ಗ್ರಾಫಿಕ್ಸ್ ಕಾರ್ಡು. ಅದರ ಮೆಮೊರಿಗೆ ಅಷ್ಟು ದೊಡ್ಡ ಫೋಟೋ ಹಿಡಿಸಲ್ಲ, ಅದಕ್ಕೇ ಮಸುಕು. ಹೊಸ ಕಾರ್ಡು ಹಾಕಿದ್ರೆ ಅಂಗಳದಲ್ಲಿ ಬಿಟ್ಟ ಚಪ್ಪಲಿನೂ ಕಾಣತ್ತೆ.”

“ಹಾಗಾದ್ರೆ ಹಾಕಿಬಿಡಿ.”

“ಒಂದ್ನಿಮಿಷ ಇರಿ. ಹೊಸ ಕಾರ್ಡು ನಿಮ್ಮ ಹಳೇ ಪ್ರೋಗ್ರಾಮ್ ಜೊತೆ ಕೆಲಸ ಮಾಡಲ್ಲ. ಪ್ರೋಗ್ರಾಮೂ ಹೊಸದೇ ಹಾಕ್ಬೇಕು. ಅದರಲ್ಲಿ ಫೋಟೋಗಳೂ ಹೊಸವು, ಈ ವರ್ಷ ತೆಗೆದಿರೋವು. ಒಳ್ಳೇದೇ ಆಯ್ತಲ್ಲ?”

ಅವನ ಮುಖ ಬಿಳಿಚಿತು. ಈ ವರ್ಷದ ತಾರಸಿಯ ಮೇಲೆ ಏನಿದೆ ಎಂದು ಅವನಿಗೆ ಗೊತ್ತಿತ್ತು. ಏನೂ ಇಲ್ಲ. “ಯೋಚನೆ ಮಾಡಿ ಬರ್ತೀನಿ” ಎಂದು ಹೊರಬಿದ್ದ.

ಎರಡು ವಾರ ಮೀನಮೇಷ ಎಣಿಸಿದ. ಹೊಸದು ಹಾಕಿಸಿದರೆ ಎಲ್ಲವೂ ಕಾಣುತ್ತದೆ, ಅವಳೊಬ್ಬಳನ್ನು ಬಿಟ್ಟು. ಹಳೆಯದನ್ನೇ ಇಟ್ಟುಕೊಂಡರೆ ಆ ಕಪ್ಪು ಗುರುತು ಅವಳೋ ಅಲ್ಲವೋ ತಿಳಿಯುವುದೇ ಇಲ್ಲ. ಕೆಲಸದಲ್ಲಿ ಗಮನ ತಪ್ಪಿ ಯಾರದೋ ಎಡದ ಕೋರೆಹಲ್ಲನ್ನು ಬಲಕ್ಕೆ ಕೂರಿಸಿದ. ವೈದ್ಯರು ಫೋನು ಮಾಡಿ ರೇಗಿದರು. ಸಂಜೆಯಾದರೆ ಆ ಮಸುಕಿನ ಮೇಲೆಯೇ ಸುತ್ತುತ್ತಿದ್ದ.

ನಾದಿನಿ ಇದನ್ನು ನೋಡಿ ನೋಡಿ, ಒಂದು ಮಧ್ಯಾಹ್ನ ಅವನು ಕೆಲಸ ಮಾಡುವಲ್ಲಿಗೇ ಬಂದಳು. ಮೇಜಿನ ತುಂಬ ಬಾಯಿ ತೆರೆದ ಅಚ್ಚುಗಳು. ಸ್ಟೂಲಿನ ಮೇಲೆ ಕೂತಳು.

“ಭಾವ, ಅವತ್ತು ಅಕ್ಕ ನಂಗೆ ಫೋನ್ ಮಾಡಿದ್ದಳು.”

ಅವನ ಕೈಯಲ್ಲಿದ್ದ ಮೇಣ ತಿದ್ದುವ ಚಾಕು ಹಾಗೇ ನಿಂತಿತು.

“ತಲೆ ಸಿಡೀತಿದೆ ಅಂದಳು. ಭಾವನ್ನ ಕರಿ ಅಂದೆ. ‘ಪಾಪ, ಎರಡನೇ ಸಲ ಇಳಿಸ್ತಿದ್ದಾರೆ ಕಣೆ, ಇದೂ ತಪ್ಪಿದ್ರೆ ರಾತ್ರಿಯಿಡೀ ಗೊಣಗ್ತಾರೆ’ ಅಂತ ನಕ್ಕಳು. ನಾನೇ... ನಾನೇ ಒಂದು ಮಾತ್ರೆ ಹೆಸರು ಹೇಳಿ, ತಗೊಂಡು ಮಲಕ್ಕೋ, ಸರಿ ಹೋಗತ್ತೆ ಅಂದೆ. ದಿನಾ ನೂರು ಜನಕ್ಕೆ ಹೇಳೋ ಹಾಗೆ ಹೇಳಿಬಿಟ್ಟೆ.” ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. “ಅವಳು ನಿಮ್ಮನ್ನ ಕೂಗಲಿಲ್ಲ ಭಾವ. ನೀವು ಕೇಳಿಸಿಕೊಳ್ಳಲಿಲ್ಲ ಅಂತಲ್ಲ. ಕೂಗಲೇ ಇಲ್ಲ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹತ್ತು ತಿಂಗಳು ಇವಳೂ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ತನ್ನ ಮನೆಯ ಪಾತ್ರೆ ತೊಳೆದಳಲ್ಲ ಎನಿಸಿತು. ಎದ್ದು ಹೋಗಿ ಒಂದು ಲೋಟ ನೀರು ತಂದು ಅವಳ ಕೈಗಿಟ್ಟ.

“ಡಾಕ್ಟರಿಗೂ ಗೊತ್ತಾಗ್ತಿರಲಿಲ್ಲ, ಬಿಡು” ಎಂದ. ಅದು ನಿಜವೋ ಸುಳ್ಳೋ ಅವನಿಗೇ ತಿಳಿಯದು.

ಆ ವಾರವೇ ಅಂಗಡಿಯಾಕೆಯಿಂದ ಫೋನು ಬಂತು. ಸ್ಟುಡಿಯೋ ಒಂದರವರು ಸ್ವಚ್ಛ ಮಾಡಿಕೊಡಲೆಂದು ಬಿಟ್ಟುಹೋದ ಕಾರ್ಡು ಬಂದಿದೆಯಂತೆ. ಹಳೇ ಕಾಲದ್ದೇ, ಆದರೆ ಮೆಮೊರಿ ದೊಡ್ಡದು. ಇವನ ಕಂಪ್ಯೂಟರಿಗೂ ಪ್ರೋಗ್ರಾಮಿಗೂ ಹೊಂದುತ್ತದೆ. ಸಂಜೆ ವಾಪಸ್ಸು ಒಯ್ಯುತ್ತಾರೆ. “ಅವರನ್ನ ಕೇಳಿದೀನಿ, ಹೂಂ ಅಂದಿದ್ದಾರೆ. ಒಂದೇ ಸಲ ಹಾಕಿ ತೋರಿಸ್ತೀನಿ. ನಿಮ್ಮ ಡಬ್ಬ ಎತ್ಕೊಂಡು ಬನ್ನಿ.” ಏನು ನೋಡಬೇಕಾಗಿದೆ ಎಂದು ಅವನು ಹೇಳಿರಲಿಲ್ಲ. ಮುಖ ನೋಡಿಯೇ ಅವಳು ಏನೋ ಅಂದಾಜು ಮಾಡಿರಬೇಕು.

ಅವನೂ ನಾದಿನಿಯೂ ಹೋದರು. ಸ್ಕ್ರೂ ಬಿಚ್ಚಿ, ಕಾರ್ಡು ಕೂರಿಸಿ, ಪರದೆ ಹೊತ್ತಿಸಿ ಅಂಗಡಿಯಾಕೆ ಆಚೆ ಹೋಗಿ ನಿಂತಳು. ಅವನು ವಿಮಾನ ಎಬ್ಬಿಸಿದ. ಹಳಿ, ಟ್ಯಾಂಕು, ಮೈದಾನ. ತಮ್ಮ ಬೀದಿಯ ಮೇಲೆ ಬಂದಾಗ ಚಿತ್ರವನ್ನು ನಿಲ್ಲಿಸಿದ.

ಮಸುಕು ಮೆಲ್ಲಗೆ ತಿಳಿಯಾಯಿತು. ತಂತಿಯ ಮೇಲೆ ಹಳದಿ ಹೊದಿಕೆ, ಒಂದು ಮೂಲೆ ಮಡಚಿಕೊಂಡಿದೆ. ಪಕ್ಕದ ಕಪ್ಪು ಗುರುತು ಒಂದು ಮಡಿಸುವ ಕುರ್ಚಿ. ಕುರ್ಚಿಯ ಮೇಲೆ ಯಾರೂ ಇಲ್ಲ. ತಾರಸಿಯ ಉದ್ದಗಲಕ್ಕೂ ಯಾರೂ ಇಲ್ಲ.

“ಇಲ್ಲ” ಎಂದ ಅವನು.

ನಾದಿನಿ ಪರದೆಗೆ ಮುಖ ಹತ್ತಿರ ತಂದು ನೋಡಿದಳು. “ಬಟ್ಟೆ ಒಣಹಾಕಿ ಕೆಳಗೆ ಹೋಗಿದ್ದಾಳೆ ಭಾವ. ಒಳಗಿದ್ದಾಳೆ.”

ಅವನು ಆ ಬೂದು ತಾರಸಿಯನ್ನೇ ನೋಡಿದ. ಹೌದಲ್ಲ, ಆ ಗಳಿಗೆಯಲ್ಲಿ ಅದರ ಕೆಳಗೆ ಅವಳಿದ್ದಳು. ಓಡಾಡುತ್ತಿದ್ದಳು, ಯಾರ ಮೇಲೋ ರೇಗುತ್ತಿದ್ದಳು, ಏನೋ ಗುನುಗುತ್ತಿದ್ದಳು. ಭಾನುವಾರವಾಗಿದ್ದರೆ ತಾನೂ ಅಲ್ಲೇ ಇದ್ದ. ಅವಳೊಂದು ಕೋಣೆ, ತಾನೊಂದು ಕೋಣೆ. ನಡುವೆ ಎಂಟೇ ಹೆಜ್ಜೆ.

“ಇದನ್ನ ಪ್ರಿಂಟ್ ತೆಗೀಲಾ?” ಎಂದು ಅಂಗಡಿಯಾಕೆ ದೂರದಿಂದಲೇ ಕೇಳಿದಳು. ಅವನು ತಲೆಯಾಡಿಸಿ ಬೇಡವೆಂದ.

ಟ್ಯಾಕ್ಸಿಯಲ್ಲಿ ಕಂಪ್ಯೂಟರ್ ಡಬ್ಬ ಅವನ ತೊಡೆಯ ಮೇಲಿತ್ತು. ಸ್ವಲ್ಪ ದೂರ ಹೋದ ಮೇಲೆ ನಾದಿನಿ ಕೇಳಿದಳು: “ಹಾಗಾದ್ರೆ ಹೊಸ ಕಾರ್ಡು?”

“ಬೇಡ.”

“ಹಾಕ್ಸಿದ್ರೆ ಬೇರೆ ಊರುಗಳಾದ್ರೂ ಚೆನ್ನಾಗಿ ಕಾಣಿಸ್ತಿದ್ವು.”

“ಇನ್ನು ನಾನು ಎಲ್ಲಿಗೂ ಹಾರಲ್ಲ ಕಣಮ್ಮ” ಎಂದ. ಎಂದವನೇ ಡಬ್ಬದ ಮೇಲೆ ಹಣೆಯಿಟ್ಟು ಅತ್ತ. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮನೆಯಲ್ಲಿ ಅತ್ತಿರಲಿಲ್ಲ. ಈಗ ನಡುಬೀದಿಯ ಟ್ರಾಫಿಕ್ಕಿನಲ್ಲಿ ಬಿಕ್ಕಿ ಬಿಕ್ಕಿ ಅತ್ತ. ನಾದಿನಿ ಅವನ ಬೆನ್ನ ಮೇಲೆ ಕೈಯಿಟ್ಟು ಕಿಟಕಿಯಾಚೆ ನೋಡುತ್ತ ತಾನೂ ಕಣ್ಣೊರೆಸಿಕೊಂಡಳು. ಡ್ರೈವರು ಕನ್ನಡಿಯಲ್ಲಿ ಒಮ್ಮೆ ನೋಡಿ, ಯಾರೂ ಹೇಳದೆಯೇ ರೇಡಿಯೋ ಆರಿಸಿ, ಗಾಡಿಯನ್ನು ನಿಧಾನಕ್ಕೆ ಓಡಿಸಿದ.