ಅತ್ತೆಯ ಹೊಟ್ಟೆಪಟ್ಟಿ, ನಾಲ್ಕನೇ ನಂಬರ್ ಅಂಗಿ

ಸ್ತಾಗೆನ್ ಸುತ್ತಿಸಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಗೇಣಗಲದ ಆ ದಪ್ಪ ಬಟ್ಟೆಯ ಒಂದು ತುದಿ ಹಿಡಿದು ಅತ್ತೆ ಬಾಗಿಲ ಬಳಿ ಕಾಲೂರಿ ನಿಲ್ಲುತ್ತಾರೆ. ಇನ್ನೊಂದು ತುದಿಯನ್ನು ನಾನು ಹೊಟ್ಟೆಗೆ ಒತ್ತಿಕೊಂಡು ಬುಗುರಿಯ ಹಾಗೆ ತಿರುಗುತ್ತ ಅವರತ್ತ ಹೋಗಬೇಕು. ತಲುಪುವ ಹೊತ್ತಿಗೆ ಎದೆಯ ಕೆಳಗಿನಿಂದ ಸೊಂಟದವರೆಗೆ ಬಟ್ಟೆ ಬಿಗಿದಿರುತ್ತದೆ, ನನಗೆ ತಲೆ ಸುತ್ತುತ್ತಿರುತ್ತದೆ, ಅತ್ತೆಯ ಮುಖ ನನ್ನ ಮೂಗಿನ ತುದಿಯಲ್ಲಿರುತ್ತದೆ. ಅತ್ತೆ ಸೊಸೆ ಜಗಳವಾಡಲು ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ.

"ಉಸಿರು ಬಿಡು."

"ಬಿಟ್ಟೆ, ಇಬು."

"ಪೂರ್ತಿ ಬಿಡು."

"ಪೂರ್ತಿ ಬಿಟ್ರೆ ಸತ್ತೇ ಹೋಗ್ತೀನಿ."

"ಸತ್ರೂ ಹೊಟ್ಟೆ ಚಪ್ಪಟೆ ಇರತ್ತೆ. ನೋಡೋಕೆ ಬಂದವರು ಏನೂ ಅನ್ನೋ ಹಾಗಿರಲ್ಲ."

ನನ್ನ ಮಗಳು ಗೆಂಡಿಸ್‌ಗೆ ಆಗ ನಾಲ್ಕು ತಿಂಗಳು. ಜಾವಾದ ಈ ನಮ್ಮ ಕೆದಿರಿ ಊರಿನಲ್ಲಿ ಉಳಿದ ಬಾಣಂತಿಯರೆಲ್ಲ ಈ ಪಟ್ಟಿಯನ್ನು ಯಾವತ್ತೋ ಬಿಚ್ಚಿ ಒಗೆದು ಪೆಟ್ಟಿಗೆಗೆ ಹಾಕಿದ್ದರು. ಆದರೆ ನಾನು ಇಬು, ಅಂದರೆ ಅಮ್ಮ, ಎಂದು ಕರೆಯುವ ನನ್ನ ಅತ್ತೆ ಸುಮಿರಾ ತಮ್ಮ ಮಗ ಯುದೊ ಹುಟ್ಟಿದಾಗ ಇಡೀ ವರ್ಷ ಕಟ್ಟಿಕೊಂಡಿದ್ದರಂತೆ. ಪಟ್ಟಿಯಿಲ್ಲದೆ ಓಡಿದ ಹೆಂಗಸಿನ ಗರ್ಭಕೋಶ ಜಾರಿ ಮೊಣಕಾಲಿಗೆ ಬರುತ್ತದೆಂದು ಅವರ ನಂಬಿಕೆ. ಮೊಣಕಾಲಿನ ಕೆಳಗೆ ಯಾಕೆ ಹೋಗುವುದಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಯುದೊ ಈ ವಿಷಯದಲ್ಲಿ ಜಾಣ. ನಾವಿಬ್ಬರೂ ದನಿ ಎತ್ತಿದೆವೆಂದರೆ ಟೊಮೆಟೊ ಲಾರಿ ಹತ್ತಿ ಸುರಬಾಯಾಕ್ಕೆ ಹೊರಟುಬಿಡುತ್ತಾನೆ. ಆ ವರ್ಷ ಕೆದಿರಿಯಿಂದ ಬಹಳ ಟೊಮೆಟೊ ಹೋಯಿತು.

ನಾನು ಫುಟ್‌ಬಾಲ್ ಆಡುವವಳು, ಡಿಫೆಂಡರ್. ಚಿಕ್ಕವಳಿದ್ದಾಗ ನಮ್ಮ ಓಣಿಯ ಹುಡುಗರು ನನ್ನನ್ನು ಆಟಕ್ಕೆ ಸೇರಿಸಿಕೊಂಡಿದ್ದು ಚೆಂಡು ನಮ್ಮಣ್ಣನದ್ದೆಂಬ ಕಾರಣಕ್ಕೆ. ಹಿಂದೆ ನಿಲ್ಲಿಸಿದರು. ಹಿಂದೆಯೇ ಉಳಿದೆ. ಗೋಲು ಹೊಡೆದವಳ ಫೋಟೊ ಪತ್ರಿಕೆಯಲ್ಲಿ ಬಂದರೆ ಅದರ ಮೂಲೆಯಲ್ಲಿ ನನ್ನದೊಂದು ಮೊಣಕೈ ಇರುತ್ತದೆ. ಅಮ್ಮ ಅಂಥ ಮೊಣಕೈಗಳನ್ನೆಲ್ಲ ಕತ್ತರಿಸಿ ಗೋಡೆಗೆ ಅಂಟಿಸಿದ್ದಳು. ಡಿಫೆಂಡರ್ ಕೆಲಸ ಅರ್ಧ ಬಾಯಿಯಲ್ಲಿ ನಡೆಯುತ್ತದೆ, ಇನ್ನರ್ಧ ಅಂಡಿನಲ್ಲಿ. ಎದುರಾಳಿಯನ್ನು ಮಾತಿನಿಂದ ರೇಗಿಸಬೇಕು, ಅವಳು ರೇಗಿ ನುಗ್ಗಿದಾಗ ಅಂಡು ಅಡ್ಡ ಕೊಡಬೇಕು. ಎರಡನ್ನೂ ದೇವರು ನನಗೆ ಧಾರಾಳವಾಗಿ ಕೊಟ್ಟಿದ್ದ. ಹೀಗೆ ಹಲವು ತಂಡ ಸುತ್ತಿ ಕೊನೆಗೆ ಊರಿನದೇ 'ಬ್ರಂತಾಸ್ ಪುತ್ರಿ' ಸೇರಿದೆ. ಸಂಬಳ ಬರುವ ತಿಂಗಳು ಬರುತ್ತಿತ್ತು. ಬೆನ್ನ ಮೇಲಿನ ನಾಲ್ಕನೇ ನಂಬರ್ ಮಾತ್ರ ಆರು ವರ್ಷ ನನ್ನದೇ ಆಗಿತ್ತು.

ಬಸುರಿಯಾದಾಗ ಆ ಅಂಗಿ ರೆತ್ನೊಗೆ ಹೋಯಿತು. ಹತ್ತೊಂಬತ್ತರ ಹುಡುಗಿ, ಜಿಂಕೆ. ನಾನು ಮೂವತ್ತು ದಾಟಿದ ಎಮ್ಮೆ. ಕೋಚ್ ಗುನಾರ್ಸೊ ಮನೆಗೇ ಬಂದು, ಅತ್ತೆ ಕೊಟ್ಟ ಕರಿದ ತೋಫು ಒಂದೂ ಬಿಡದೆ ತಿಂದು, ವಿಷಯ ಹೇಳಿದರು.

"ನೋಡು ತುತಿಕ್. ಭಾನುವಾರ ತುಲುಂಗಗುಂಗ್‌ನವರ ಜೊತೆ ಆಟ ಇದೆ. ಪೂರ್ತಿ ಆಟ ನಿಂಗೆ ಕೊಡ್ತೀನಿ. ನಿಂತ್ಕೊಂಡ್ರೆ ಅಂಗಿ ನಿಂದು. ಇಲ್ಲಾಂದ್ರೆ ರೆತ್ನೊದು, ಆಮೇಲೆ ನನ್ನ ಮುಂದೆ ಅಳಬಾರದು."

ಈ ವಯಸ್ಸಿನಲ್ಲಿ ಬಿಟ್ಟ ಜಾಗ ಮತ್ತೆ ಸಿಗುವುದಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಗೊತ್ತಿಲ್ಲದವಳೆಂದರೆ ತೊಟ್ಟಿಲಲ್ಲಿದ್ದವಳು. ಅವಳನ್ನು ನೋಡಿಕೊಳ್ಳುವವರು ಬೇಕಲ್ಲ?

ಅತ್ತೆ ಒಪ್ಪಿದರು. ಒಂದು ಷರತ್ತು.

"ಸ್ತಾಗೆನ್ ಕಟ್ಕೊಂಡು ಆಡು. ನಾನು ಮಗು ಎತ್ಕೊಂಡು ಅಲ್ಲೇ ಕೂತಿರ್ತೀನಿ. ಬಿಚ್ಚಿದ್ದು ಕಂಡ್ರೆ ಅಲ್ಲಿಂದ್ಲೇ ಮನೆಗೆ. ಆಮೇಲೆ ನಿನ್ನ ಮಗು ನೀನೇ ನೋಡ್ಕೋ, ಚೆಂಡೂ ನೀನೇ ನೋಡ್ಕೋ."

ಭಾನುವಾರ ಸಕ್ಕರೆ ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಬಿಸಿಲು ಸುರಿಯುತ್ತಿತ್ತು. ಅಂಗಿಯೊಳಗೆ ಸ್ತಾಗೆನ್ ಕಟ್ಟಿಕೊಂಡು ನಿಂತಿದ್ದ ನಾನು ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಲಿಟ್ಟ ಅನ್ನದ ಹಾಗಿದ್ದೆ. ಬಗ್ಗಲು ಆಗದು. ಉಸಿರು ಗಂಟಲವರೆಗೆ ಬಂದು ವಾಪಸ್ ಹೋಗುತ್ತಿತ್ತು. ಆದರೂ ಮೊದಲರ್ಧ ಹೇಗೋ ನಿಂತೆ. ನನಗೆದುರಾಗಿದ್ದವಳು ನೊವಿತಾ, ಅವರ ಕಡೆ ಗೋಲು ಹೊಡೆಯುವವಳು. ಕಾಲು ಎಷ್ಟು ಚುರುಕೋ ನಾಲಿಗೆ ಅಷ್ಟೇ ಚುರುಕು.

ಗೆರೆಯಾಚೆ ಗೆಂಡಿಸ್ ಅತ್ತಳು. ಮಗು ಅತ್ತರೆ ಮೈ ಆಟ ನೋಡುತ್ತದೆಯೇ? ಅಂಗಿಯ ಮುಂಭಾಗದಲ್ಲಿ ಎರಡು ದುಂಡನೆಯ ಒದ್ದೆ ಕಲೆಗಳು ಮೂಡಿದವು.

"ಅಕ್ಕಾ, ಹಾಲಿನ ಪ್ಯಾಕೆಟ್ ಒಡೀತಾ?" ಎಂದಳು ನೊವಿತಾ.

"ನಿಂಗೂ ಬೇಕಾ? ಸಾಲಲ್ಲಿ ನಿಲ್ಲು. ಮೊದಲು ನನ್ನ ಮಗಳದ್ದು."

ಅವಳು ನಕ್ಕಳು. ನಗುವಾಗ ಚೆಂಡು ಬಿಟ್ಟಳು, ನಾನು ಅದನ್ನು ದೂರ ಒದ್ದೆ. ನೋಡಿದಿರಲ್ಲ, ಬಾಯಿಯ ಕೆಲಸ ಅದು.

ಎರಡನೆಯ ಅರ್ಧ ಮುಗಿಯುತ್ತ ಬಂದಿತ್ತು. ಸೊನ್ನೆ ಸೊನ್ನೆ. ಚೆಂಡಿಗಾಗಿ ಇಬ್ಬರೂ ಓಡಿದೆವು. ನಾನು ಮುಂದಿದ್ದೆ, ನೊವಿತಾ ಹಿಂದಿನಿಂದ ನನ್ನ ಅಂಗಿಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಅಂಗಿಯಲ್ಲ, ಸ್ತಾಗೆನ್ನಿನ ತುದಿ. ಎಳೆದಳು.

ನಾಲ್ಕು ತಿಂಗಳಿಂದ ರಾತ್ರಿ ಮಲಗುವ ಮುಂಚೆ ಅತ್ತೆ ಹೀಗೇ ತುದಿ ಎಳೆಯುತ್ತಿದ್ದರು, ನಾನು ತಿರುಗಿ ತಿರುಗಿ ಬಿಚ್ಚಿಸಿಕೊಳ್ಳುತ್ತಿದ್ದೆ. ತುದಿ ಎಳೆದದ್ದು ಅತ್ತೆಯಲ್ಲ, ಇದು ಮಲಗುವ ಕೋಣೆಯೂ ಅಲ್ಲ ಎಂದು ನನ್ನ ಮೈಗೆ ಹೊಳೆಯಲೇ ಇಲ್ಲ. ಚೆಂಡನ್ನು ಅದರ ಪಾಡಿಗೆ ಬಿಟ್ಟು ನಾನು ವಿಧೇಯ ಸೊಸೆಯಾಗಿ ಗರಗರ ತಿರುಗತೊಡಗಿದೆ. ತಿರುಗಿ ಮುಗಿದಾಗ ನೊವಿತಾ ತೋಳು ತುಂಬ ಬಟ್ಟೆ ಹಿಡಿದು ಸೀರೆ ಅಂಗಡಿಯವಳ ಹಾಗೆ ನಿಂತಿದ್ದಳು. ನನ್ನ ಹೊಟ್ಟೆ ಉಸ್ಸೆಂದು ಹೊರಗೆ ಬಂದಿತ್ತು.

ರೆಫರಿ ಸೀಟಿ ಊದಿದಳು. ಊದಿದ ಮೇಲೆ ಏನು ಹೇಳಬೇಕೆಂದು ತಿಳಿಯದೆ ಬಟ್ಟೆಯನ್ನೂ ನನ್ನನ್ನೂ ನೋಡಿದಳು. ಅವಳೂ ಮೂರು ಹೆತ್ತವಳು. "ಎಳೆದದ್ದು ತಪ್ಪು. ಚೆಂಡು ನಿಮಗೆ," ಎಂದು ನಮ್ಮವರಿಗೆ ಹೇಳಿ, ನನ್ನತ್ತ ತಿರುಗಿ ದನಿ ತಗ್ಗಿಸಿದಳು. "ನೀನು ಹೊರಗೆ ಹೋಗಿ ಸರಿ ಮಾಡ್ಕೊಂಡು ಬಾರಮ್ಮ. ನಾನು ಕೈ ಮಾಡೋವರೆಗೆ ಒಳಗೆ ಕಾಲಿಡಬೇಡ."

ಅಷ್ಟರಲ್ಲಿ ಅತ್ತೆ ಮಗುವನ್ನು ಕೋಚ್ ಕೈಗೆ ತುರುಕಿ ಮೈದಾನದ ಅಂಚಿಗೆ ಬಂದಾಗಿತ್ತು.

"ಕೊಡೇ ಇಲ್ಲಿ! ನಮ್ಮಮ್ಮನ ಕಾಲದ ಬಟ್ಟೆ ಅದು."

"ತಗೋಳಿ ಅಜ್ಜಿ," ಎಂದು ಬಟ್ಟೆಯನ್ನು ಅವರ ಹೆಗಲಿಗೆ ಹಾಕಿದಳು ನೊವಿತಾ. "ಸೊಸೇನ ಮನೇಲೇ ಕಟ್ಟಿ ಹಾಕ್ಬಾರದಾ?"

"ಅಜ್ಜಿಯಂತೆ!" ಅತ್ತೆ ತಲೆವಸ್ತ್ರ ಸರಿಪಡಿಸಿಕೊಂಡರು. "ಯಾ ಅಲ್ಲಾ, ನನ್ನ ಯಾವ ಕಡೆಯಿಂದ ನೋಡಿದ್ರೆ ಅಜ್ಜಿ ಕಾಣ್ತೀನಿ? ತಿರುಗೇ ನೀನು!"

ತಿರುಗಿದೆ. ಒಂದು ಸುತ್ತಿಗೆ ಒಮ್ಮೆ ಮೈದಾನ ಕಾಣುತ್ತಿತ್ತು, ಒಮ್ಮೆ ಅತ್ತೆ. ಮೈದಾನ: ನಮ್ಮವರ ಹತ್ತಿರ ಚೆಂಡು. ಅತ್ತೆ. ಮೈದಾನ: ನಮ್ಮವರು ಕಳೆದುಕೊಂಡರು. ಅತ್ತೆ. ಮೈದಾನ: ನೊವಿತಾ ನನ್ನ ಖಾಲಿ ಜಾಗಕ್ಕೆ ನುಗ್ಗಿ ಬರುತ್ತಿದ್ದಾಳೆ, ಅವತ್ತು ಬಲಗಡೆ ಆಡುತ್ತಿದ್ದ ಜಿಂಕೆ ರೆತ್ನೊ ಎಲ್ಲೋ ದೂರದಲ್ಲಿದ್ದಾಳೆ.

"ಇಬು, ಬಿಡಿ!"

"ಇನ್ನೆರಡು ಸುತ್ತು."

"ಗೋಲ್ ಆಗತ್ತೆ ಇಬು. ಮುಗೀತು ನನ್ನ ಕಥೆ."

ಅತ್ತೆ ನನ್ನ ಹೆಗಲ ಮೇಲಿಂದ ಮೈದಾನ ನೋಡಿದರು. ಬಟ್ಟೆ ಅವರ ಮುಷ್ಟಿಯಲ್ಲಿ ಬಿಗಿದೇ ಇತ್ತು. ಅವರ ಜೀವಮಾನದ ನಂಬಿಕೆಯೆಲ್ಲ ಆ ಮುಷ್ಟಿಯಲ್ಲಿತ್ತು. ನನ್ನ ಅಂಗಿಯೂ ಅಲ್ಲೇ ಇತ್ತು.

"ಯಾರು, ಆ ಅಜ್ಜಿ ಅಂದವಳೇನೇ ಬರ್ತಿರೋದು?"

"ಹೌದು ಇಬು!"

ಮುಷ್ಟಿ ಬಿಚ್ಚಿತು. ಬೆನ್ನಿಗೆ ಒಂದು ನೂಕು ಬಿತ್ತು. "ಹೋಗು! ಹೋಗಿ ಬೀಳಿಸು ಅವಳನ್ನ!"

ರೆಫರಿ ಕೈ ಮಾಡಿದಳೋ ಇಲ್ಲವೋ ನೋಡಲಿಲ್ಲ. ಹಿಂದೆ ಬಾಲದಂತೆ ಬಟ್ಟೆ ಎಳೆದುಕೊಂಡು ಓಡಿದೆ. ಎಷ್ಟೋ ದಿನಗಳ ಮೇಲೆ ಉಸಿರು ಹೊಟ್ಟೆಯ ತಳದವರೆಗೆ ಇಳಿಯಿತು. ಪೆನಾಲ್ಟಿ ಗೆರೆಯ ಹೊರಗೆ, ಒಂದು ಮೊಳದಷ್ಟು ಈಚೆ, ಜಾರಿ ಬಿದ್ದು ಚೆಂಡನ್ನು ಮಾತ್ರ ಕಿತ್ತೆ. ನೊವಿತಾ ನನ್ನ ಮೇಲಿಂದ ಹಾರಿ ಅತ್ತ ಬಿದ್ದಳು. ಅತ್ತೆ ಚಪ್ಪಾಳೆ ತಟ್ಟಿದ್ದು ನನಗೆ ಕೇಳಿಸಿತು.

ಸೀಟಿ. ಹಳದಿ ಕಾರ್ಡ್. ಕೇಳದೆ ಒಳಬಂದದ್ದಕ್ಕೆ ಅವರಿಗೆ ಫ್ರೀ ಕಿಕ್, ಅದೂ ನಮ್ಮ ಗೋಲಿನ ಬಾಯಲ್ಲಿ. ನ್ಯಾಯವೇ.

ಬಟ್ಟೆ ಕಿತ್ತು ಬದಿಗೆ ಎಸೆದೆ. ಗೋಲಿಗೆ ಅಡ್ಡವಾಗಿ ನಾವು ಸಾಲುಗಟ್ಟಿ ಗೋಡೆಯಾಗಿ ನಿಂತೆವು. ಮಗುವನ್ನು ಬಹುಮಾನದ ಕಪ್ಪಿನ ಹಾಗೆ ಎತ್ತಿ ಹಿಡಿದು ಕೋಚ್ ಕೂಗಿದರು, "ತುತಿಕ್, ನೀನು ಗೋಡೆಯಿಂದ ಹೊರಗೆ ಬಾ! ಹೊಟ್ಟೆ!" ನಾನು ಕದಲಲಿಲ್ಲ. ಹಾಲು ತುಂಬಿ ಎದೆ ಕಲ್ಲಾಗಿತ್ತು, ಎರಡೂ ಕೈ ಅಲ್ಲಿಟ್ಟುಕೊಂಡೆ. ಹೊಟ್ಟೆಗೆ ಕೈ ಉಳಿಯಲಿಲ್ಲ.

ನೊವಿತಾ ಒದ್ದದ್ದು ನೇರ ಅಲ್ಲಿಗೇ ಬಂತು.

ನಾದಿದ ಹಿಟ್ಟಿಗೆ ಗುದ್ದಿದಂಥ ಸದ್ದಾಯಿತು. ಪಟ್ಟಿ ಬಿಗಿದ ಹೊಟ್ಟೆಯಾಗಿದ್ದರೆ ಚೆಂಡು ಪುಟಿದು, ಎದುರಿಗೆ ನುಗ್ಗಿ ಬರುತ್ತಿದ್ದ ನೊವಿತಾಳ ಕಾಲಿಗೇ ಹೋಗಿ ಬೀಳುತ್ತಿತ್ತು. ಮಗಳು ಒಂಬತ್ತು ತಿಂಗಳು ಹಿಗ್ಗಿಸಿ ಮೆದು ಮಾಡಿಟ್ಟ ಹೊಟ್ಟೆ ಅದು. ಚೆಂಡು ಅದರೊಳಗೆ ಕ್ಷಣ ಹುದುಗಿತು, ಆಮೇಲೆ ಸುಸ್ತಾದವರ ಹಾಗೆ ನನ್ನ ಪಾದದ ಬಳಿ ಬಿತ್ತು. ಕಣ್ಣಲ್ಲಿ ನೀರು ಬಂದರೂ ಚೆಂಡನ್ನು ಒದ್ದೆ. ಕಬ್ಬಿನ ಗದ್ದೆಗೆ ಹೋಯಿತು. ಅದನ್ನು ಹುಡುಕುತ್ತಿರುವಾಗಲೇ ಆಟ ಮುಗಿಯಿತು.

ಮೊದಲು ಓಡಿ ಬಂದವರು ಅತ್ತೆ. "ಎಲ್ಲಿದೆ? ಎಲ್ಲಿದೆ ಹೇಳೇ?" ಎಂದು ನನ್ನ ಮೊಣಕಾಲುಗಳನ್ನು ತಡವಿದರು, ಸುತ್ತಲಿನ ಹುಲ್ಲನ್ನೂ ನೋಡಿದರು. ನಾನು ಅವರ ಕೈ ಹಿಡಿದು ನನ್ನ ಹೊಟ್ಟೆಯ ಮೇಲಿಟ್ಟೆ.

"ಇಲ್ಲೇ ಇದೆ ಇಬು. ಎಲ್ಲಾ ಇಲ್ಲೇ ಇದೆ."

ಅವರು ಒತ್ತಿ ನೋಡಿದರು. ಇನ್ನೊಮ್ಮೆ ಒತ್ತಿದರು. "ಇರದೇ ಏನು? ನಾಲ್ಕು ತಿಂಗಳು ಕಟ್ಟಿದ್ದು ಯಾರು?" ಎಂದು ತಲೆವಸ್ತ್ರದ ಅಂಚಿನಿಂದ ನನ್ನ ಮುಖ ಒರೆಸಿದರು.

ಕೋಚ್ ಬಂದು ಮಗುವನ್ನು ಮುಂದೆ ಚಾಚಿದರು. "ಹಳದಿ ಕಾರ್ಡ್ ತಗೊಂಡಿದ್ದಕ್ಕೆ ನಾಳೆ ಬೈತೀನಿ. ನಾಲ್ಕನೇ ನಂಬರ್ ನಿಂದೇ. ಈಗ ಇವಳನ್ನ ಹಿಡ್ಕೋ ತಾಯಿ, ನನ್ನ ಅಂಗಿ ಪೂರ್ತಿ ಹೇತಿದಾಳೆ."

ಅಂದಿನಿಂದ ಅತ್ತೆ ಒಂದು ಆಟವನ್ನೂ ತಪ್ಪಿಸಿಲ್ಲ. ಸ್ತಾಗೆನ್ ಒಗೆದು ಪೆಟ್ಟಿಗೆಗೆ ಹೋಯಿತು. ಎರಡು ವರ್ಷದ ಮೇಲೆ ಮೊನ್ನೆ ಅದು ಹೊರಬಂತು. ನೊವಿತಾ ಮನೆ ಹುಡುಕಿಕೊಂಡು ಬಂದಿದ್ದಳು, ಕಂಕುಳಲ್ಲಿ ಮೂರು ತಿಂಗಳ ಗಂಡುಮಗು. ಮತ್ತೆ ಆಟ ಶುರುಮಾಡಿದ್ದಾಳಂತೆ, ಸೊಂಟದಲ್ಲಿ ಬಲವೇ ಇಲ್ಲವಂತೆ.

"ಸ್ವಲ್ಪ ಕಟ್ಟಿಕೊಡ್ತೀರಾ, ಇಬು?" ಎಂದಳು, ಬೆಕ್ಕಿನಮರಿಯಷ್ಟು ಮೆತ್ತಗೆ.

ಅತ್ತೆ ಅವಳಿಗೆ ಬಿಸಿ ಬಿಸಿ ಕಷಾಯ ಕುಡಿಸಿದರು, ಮಗುವಿಗೆ ದೃಷ್ಟಿ ತೆಗೆದರು, ಆಮೇಲೆ ಬಾಗಿಲ ಬಳಿ ಕಾಲೂರಿ ನಿಂತರು. ನೊವಿತಾ ತಿರುಗುತ್ತ ತಿರುಗುತ್ತ ಬಂದಳು. ಅತ್ತೆ ಅವಳ ಹೆಗಲ ಮೇಲಿಂದ ನನ್ನತ್ತ ನೋಡಿದರು.

"ಈ ಭಾನುವಾರ ನಿಮ್ಮ ಆಟ ಯಾರ ಜೊತೆ?"

"ಇವರ ಜೊತೇನೇ ಇಬು."

"ಹೌದಾ," ಎಂದು ಅತ್ತೆ ಮುಷ್ಟಿಗೆ ಇನ್ನೊಂದು ಸುತ್ತು ಬಟ್ಟೆ ಹಾಕಿಕೊಂಡರು. "ಉಸಿರು ಬಿಡು ಮಗಳೇ. ಪೂರ್ತಿ ಬಿಡು."