ಕೆಂಪು ದೀಪ ಆರಿದ ಮೇಲೆ

"ಚರ್ಚಿನ ಗೋಳು ಸಾಕು ನಿಲ್ಸೇ, ಲೌಡಿ. ಜನ ಕುಣಿಯೋ ಹಂಗೆ ಹಾಡು," ಎಂದು ಸ್ಟುಡಿಯೊದ ಗಾಜಿನ ಆಚೆಯಿಂದ ಹಾರ್ಲನ್ ಬೈಯುತ್ತಿದ್ದ. ರೆಕಾರ್ಡಿಂಗ್ ಕಂಪನಿಯಲ್ಲಿ ಹಾಡು ಮಾಡಿಸುವ ಯಜಮಾನ ಅವನು. ಬೈಸಿಕೊಳ್ಳುತ್ತಿದ್ದವಳು ನನ್ನ ಚಿಕ್ಕಮ್ಮನ ಮಗಳು ಒಡೆಸ್ಸಾ. ನಮ್ಮೂರು ಮೆಂಫಿಸ್‌ನ ಹುಡುಗಿಯರೆಲ್ಲ ಅವಳ ಹಾಗೆ ಜಡೆ ಹೆಣೆಸಿಕೊಳ್ಳುತ್ತಿದ್ದ ಕಾಲವದು. ಗಾಜಿನ ಈಚೆ ಮಾತ್ರ ಅವಳೂ ಕೂಲಿ, ಹಿಂದೆ ನಿಂತು ದನಿಗೂಡಿಸುವ ನಾನೂ ಕೂಲಿ.

ಒಡೆಸ್ಸಾ ಹೆಡ್‌ಫೋನ್ ತೆಗೆದು ಕೆಳಗಿಟ್ಟಳು.

"ಇನ್ಮೇಲೆ ನನ್ ಹಾಡು ನಾನೇ ಬರೀತೀನಿ, ಹೆಂಗ್ ಹಾಡಬೇಕು ಅಂತ್ಲೂ ನಾನೇ ಹೇಳ್ತೀನಿ. ಒಪ್ಪೋದಾದ್ರೆ ಕರಿ. ಇಲ್ದಿದ್ರೆ ಈ ಗಂಟ್ಲಿಂದ ಒಂದಕ್ಷರಾನೂ ಹುಟ್ಟಲ್ಲ ನಿಂಗೆ."

ಹಾರ್ಲನ್ ನಕ್ಕ. ಯಾಕೆ ನಕ್ಕನೆಂದು ನನಗೆ ಆಗ ತಿಳಿಯಲಿಲ್ಲ. ಎದೆಯುಬ್ಬಿಸಿಕೊಂಡು ಅವಳ ಹಿಂದೆಯೇ ಹೊರಟುಬಂದೆ.

ಐದು ತಿಂಗಳು ಅವಳು ಹಾಡಲಿಲ್ಲ. ಕರಾರಿನ ಪ್ರಕಾರ ಬೇರೆ ಕಡೆ ಹಾಡುವಂತೆಯೂ ಇರಲಿಲ್ಲ. ಅಜ್ಜಿಯ ಅಡುಗೆಮನೆಯಲ್ಲಿ ಸೊಪ್ಪು ಬೇಯುವಾಗ ಕೂತು ಏಳು ಹಾಡು ಬರೆದಳು. ನನ್ನನ್ನೂ ಯಾರೂ ಕರೆಯದೆ, ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯಲು ಸೇರಿದೆ.

ಆಮೇಲೆ ಹಾರ್ಲನ್ ನನ್ನೊಬ್ಬಳನ್ನೇ ಕರೆಸಿ ಒಂದು ಹಾಡು ಕೇಳಿಸಿದ. ಒಡೆಸ್ಸಾಳದೇ ದನಿ, ಒಡೆಸ್ಸಾ ಎಂದೂ ಹಾಡದ ಹಾಡು. ಚರ್ಚಿನಲ್ಲಿ ಬೆಳೆದ ನಾವು ಬಾಯಿ ಮುಚ್ಚಿಕೊಂಡು ಮೈಕಿನ ಮುಂದೆ ನಿಂತವರಲ್ಲ. ರೆಕಾರ್ಡಿಂಗ್ ನಡೆವಾಗ ಉರಿಯುವ ಕೆಂಪು ದೀಪ ಆರಿತೆಂದರೆ ಅಜ್ಜಿಯ ಪ್ರಾರ್ಥನೆ ಗುನುಗುತ್ತ ಗಂಟಲು ಹದ ಮಾಡಿಕೊಳ್ಳುತ್ತಿದ್ದೆವು. ದೀಪ ಆರಿದರೆ ಯಂತ್ರವೂ ನಿಂತಿರುತ್ತದೆಂದು ನಂಬಿದ್ದೆವು, ದಡ್ಡ ಮುಂಡೇವು. ನಾಲ್ಕು ವರ್ಷದ ಅವಳ ಆ ಗುನುಗನ್ನೆಲ್ಲ, ಮಾತನ್ನೆಲ್ಲ ಹಿಡಿದಿಟ್ಟು, ಕತ್ತರಿಸಿ, ಈ ಹಾಡು ಹೊಲಿದಿದ್ದರು.

ಮೂರು ಮಾತು ಮಾತ್ರ ಅವರಿಗೆ ಎಲ್ಲೂ ಸಿಕ್ಕಿರಲಿಲ್ಲ: 'ನಾನೇ ನನ್ನ ಒಡತಿ.'

"ನಿಮ್ ಮನೇರ್ದೆಲ್ಲ ಒಂದೇ ಗಂಟ್ಲು. ನೀನ್ ತುಂಬು," ಎಂದ ಹಾರ್ಲನ್. "ಆಗಲ್ವಾ, ಹೋಗಿ ಬಟ್ಟೆ ಒಗಿ."

ತುಂಬಿದೆ. ಮಕ್ಕಳ ಹೊಟ್ಟೆಪಾಡು ಎಂದು ಸಬೂಬು ಹೇಳಬಹುದು. ನಿಜವೆಂದರೆ, ಆ ಬಟ್ಟೆಯ ಹಬೆಯಲ್ಲಿ ನನ್ನ ದನಿ ಸಾಯುತ್ತಿತ್ತು. ನನಗೆ ಹಾಡಬೇಕಾಗಿತ್ತು.

ಒಂದು ಶನಿವಾರ ಮಧ್ಯಾಹ್ನ ಒಡೆಸ್ಸಾ ಸಲೂನಿನಲ್ಲಿ ಜಡೆ ಹೆಣೆಸಿಕೊಳ್ಳುತ್ತ, ನಾನು ಅವಳ ಹಿಂದೆ ಬೆಂಚಿನ ಮೇಲೆ ಕೂತಿದ್ದಾಗ ರೇಡಿಯೊದಲ್ಲಿ ಆ ಹಾಡು ಬಂತು. ಕೊನೆಗೂ ತನ್ನ ಹಾಡನ್ನು ತಾನೇ ಕಟ್ಟಿದ ಒಡೆಸ್ಸಾ ಎಂದು ರೇಡಿಯೊದವನು ಸಾರಿದ. ಹೆಂಗಸರು ಅವಳನ್ನು ಸುತ್ತುವರಿದು ಚಪ್ಪಾಳೆ ತಟ್ಟಿದರು. ಅಜ್ಜಿಯ ಪ್ರಾರ್ಥನೆಗೆ ಡೋಲು ಕಟ್ಟಿ ಕುಣಿಸಿದ್ದರು. ಆ ಮೂರು ಮಾತು ಬಂದಾಗ ಅವಳು ಕನ್ನಡಿಯಲ್ಲಿ ನನ್ನ ಮುಖ ಹುಡುಕಿದಳು.

"ಅಕ್ಕಾ, ಅದು ನೀನು."



ಮರುದಿನ ಚರ್ಚಿನಲ್ಲಿ ಪಾದ್ರಿ ಅವಳನ್ನೇ ಮುಂದೆ ಕರೆದು, ಅಜ್ಜಿಯ ಪ್ರಾರ್ಥನೆ ಹಾಡಲು ಹೇಳಿದರು. ಅವಳು ಮೊದಲು ಮೈಕಿನ ತಂತಿ ಕಿತ್ತಳು. ಆಮೇಲೆ ತಲೆಯೆತ್ತಿ ನೋಡಿದರೆ, ನಮ್ಮವರೇ ಅವಳ ದನಿ ಹಿಡಿದಿಡಲು ಸಾಲುಸಾಲಾಗಿ ಫೋನು ಎತ್ತಿ ಕಾಯುತ್ತಿದ್ದರು. ಅವಳ ತುಟಿ ತೆರೆಯಲಿಲ್ಲ.

ಹಿಂದಿನ ಸಾಲಿನಲ್ಲಿ ನಾನು, ಅಭ್ಯಾಸಬಲದಿಂದ, ಆಗಲೇ ಗುನುಗತೊಡಗಿದ್ದೆ. ಒಡೆಸ್ಸಾ ಮೆಟ್ಟಿಲಿಳಿದು ನನ್ನ ಹತ್ತಿರ ಬಂದು, ನನ್ನ ಬಾಯಿಯ ಮೇಲೆ ಅಂಗೈಯಿಟ್ಟು ಒತ್ತಿ ಹಿಡಿದಳು.