ಕೊಯ್ದದ್ದು ಗುರುವಾರ

ಡೋರೀನ್ ಹ್ಯಾಸ್ಕೆಲ್ ತನ್ನ ಗಾಂಜಾ ಗಿಡಗಳನ್ನು ಕೊಯ್ದದ್ದು ಗುರುವಾರ. ಹೊಗೆ ಬಂದದ್ದು ಶುಕ್ರವಾರ. ರಾಜ್ಯದ ದಾಖಲೆಯಲ್ಲಿ ಅವಳು ಕೊಯ್ಲಿನ ದಿನವನ್ನು ಭಾನುವಾರ ಎಂದು ಬರೆದಳು. ಅವಳಿಗೆ ವಿಮೆ ಮಾಡಿಸಿಕೊಟ್ಟ ಏಜೆಂಟ್ ನಾನು. ಆ ಒಂದು ತಾರೀಖಿನ ಹಿಂದೆ ನಾವಿಬ್ಬರೂ ಎರಡು ತಿಂಗಳು ಓಡಾಡಿದೆವು.

ನನ್ನ ಕಚೇರಿ ಇರುವುದು ಒರೆಗಾನ್‌ನ ಕೇವ್ ಜಂಕ್ಷನ್ನಿನಲ್ಲಿ, ಟ್ರ್ಯಾಕ್ಟರ್ ರಿಪೇರಿ ಅಂಗಡಿಯ ಪಕ್ಕ. ರಾಜ್ಯ ಗಾಂಜಾ ಬೆಳೆಯಲು ಲೈಸೆನ್ಸ್ ಕೊಡತೊಡಗಿದ ಮೇಲೆ ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಅದನ್ನು ಬೆಳೆಯುವವರೇ. ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಅದು ಇನ್ನೂ ಅಪರಾಧ. ಹಾಗಾಗಿ ದೊಡ್ಡ ಕಂಪನಿಗಳು ಈ ವಿಮೆಯನ್ನು ಮುಟ್ಟುವುದಿಲ್ಲ. ಮುಟ್ಟುವ ಎರಡು ಮೂರು ಸಣ್ಣ ಕಂಪನಿಗಳು ಪಾಲಿಸಿಯನ್ನು ತಮಗೆ ಬೇಕಾದ ಮಾತುಗಳಲ್ಲಿ ಬರೆದುಕೊಳ್ಳುತ್ತವೆ. ಡೋರೀನಳ ಪಾಲಿಸಿಯಲ್ಲಿದ್ದದ್ದು ಇಷ್ಟು: ಹೊಲದಲ್ಲಿ ನಿಂತ ಬೆಳೆಗೆ ರಕ್ಷಣೆ ಇಲ್ಲ, ಕೊಯ್ದು ಒಳಗಿಟ್ಟ ಸರಕಿಗೆ ಉಂಟು, ಅದು ರಾಜ್ಯದ ಕಾನೂನಿಗೆ ಒಳಪಟ್ಟಿದ್ದರೆ.

ಆ ಸೆಪ್ಟೆಂಬರಿನಲ್ಲಿ ಕಾಡಿನ ಬೆಂಕಿ ಪಶ್ಚಿಮದ ಗುಡ್ಡ ದಾಟಿತು. ಗಾಳಿ ಜೋರಾಗಿದ್ದರಿಂದ ಬುಧವಾರ ಸಂಜೆ ಕಣಿವೆಗೆಲ್ಲ ಕರೆಂಟು ತೆಗೆದರು. ಅದರ ಜೊತೆ ಇಂಟರ್ನೆಟ್ಟೂ ಹೋಯಿತು. ಗುರುವಾರ ಬೆಳಿಗ್ಗೆ ಶೆರೀಫನ ಕಡೆಯವರು ಮನೆಮನೆಗೆ ಬಂದು, ಸಾಮಾನು ಕಟ್ಟಿಕೊಂಡಿರಿ, ಹೇಳಿದ ಕೂಡಲೇ ಹೊರಡಬೇಕು ಎಂದರು. ಗಿಡ ಪೂರ್ತಿ ಮಾಗಲು ಇನ್ನೊಂದು ವಾರವಿತ್ತು. ಡೋರೀನ್ ಕಾಯಲಿಲ್ಲ. ಅವಳ ಮೇಸ್ತ್ರಿ ಎಫ್ರೈನ್ ಐದು ಜನರನ್ನು ಕಟ್ಟಿಕೊಂಡು ಕತ್ತಲಾಗುವುದರೊಳಗೆ ನಾನೂರ ಹನ್ನೆರಡು ಗಿಡ ಕೊಯ್ದು, ಒಣಗಿಸುವ ಶೆಡ್ಡಿನ ತಂತಿಗಳಿಗೆ ತಲೆಕೆಳಗಾಗಿ ನೇತುಹಾಕಿದ.

ಬೆಂಕಿ ತೋಟಕ್ಕೆ ಬರಲಿಲ್ಲ. ಶುಕ್ರವಾರ ಗಾಳಿ ತಿರುಗಿ ಹೊಗೆ ಬಂತು. ಕರೆಂಟಿಲ್ಲದೆ ಶೆಡ್ಡಿನ ಫ್ಯಾನುಗಳು ನಿಂತಿದ್ದವು. ಎರಡು ದಿನ ಹೊಗೆ ಒಳಗೇ ಕೂತಿತು. ಆಮೇಲೆ ನೋಡಲು ಬಂದ ವ್ಯಾಪಾರಿ ಒಂದು ಮೊಗ್ಗನ್ನು ಬೆರಳಲ್ಲಿ ಉಜ್ಜಿ ಮೂಸಿ, ಒಲೆಯ ಬೂದಿಯ ವಾಸನೆ ಎಂದು ಹೇಳಿ ಕಾರು ಹತ್ತಿದ.

ಭಾನುವಾರ ಮಧ್ಯಾಹ್ನ ಕರೆಂಟು ಬಂದಾಗ ಡೋರೀನ್ ಮಾಡಿದ ಮೊದಲ ಕೆಲಸ ಕಂಪ್ಯೂಟರಿನ ಮುಂದೆ ಕೂತದ್ದು. ಇಲ್ಲಿ ಪ್ರತಿ ಗಿಡದ ಬುಡಕ್ಕೂ ನಂಬರಿನ ಪ್ಲಾಸ್ಟಿಕ್ ಚೀಟಿ ಕಟ್ಟಿರುತ್ತದೆ. ಕೊಯ್ದ ದಿನವೇ ಆ ನಂಬರುಗಳನ್ನು ರಾಜ್ಯದ ದಾಖಲೆಗೆ ಸೇರಿಸಬೇಕು. ತಡವಾದರೆ ಮಾಲು ಕಳ್ಳದಾರಿಯಲ್ಲಿ ಹೋಯಿತೇ ಎಂಬ ಅನುಮಾನ ಬರುತ್ತದೆ. ಮೂರು ದಿನದ ತಡವನ್ನು ಯಾರಿಗೆ ವಿವರಿಸುತ್ತ ಕೂರಲಿ ಎಂದುಕೊಂಡು ಅವಳು ಅಂದಿನ ತಾರೀಖನ್ನೇ ಹಾಕಿದಳು. ತಪ್ಪು ಮಾಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲಿಲ್ಲ. ಕೆಲಸವನ್ನು ಅಚ್ಚುಕಟ್ಟು ಮಾಡಿದೆ ಎಂದೇ ಅನ್ನಿಸಿತ್ತು.

ಹತ್ತು ದಿನದ ಮೇಲೆ ಪೋರ್ಟ್‌ಲ್ಯಾಂಡಿನಿಂದ ವಿಮಾ ಸರ್ವೇಯರ್ ಕರ್ಟ್ ಲಿಂಡ್‌ಕ್ವಿಸ್ಟ್ ಬಂದ. ಶೆಡ್ಡು ನೋಡಿದ, ಫೋಟೋ ತೆಗೆದ. ಆಮೇಲೆ ಡೋರೀನಳ ಅಡುಗೆಮನೆಯಲ್ಲಿ ಕೂತು, ಅವಳು ಕೊಟ್ಟ ಬ್ಲ್ಯಾಕ್‌ಬೆರಿ ಪೈ ತಿನ್ನುತ್ತ, ರಾಜ್ಯದ ದಾಖಲೆಯ ಪ್ರತಿಯನ್ನು ಮೇಜಿನ ಮೇಲಿಟ್ಟ. ಅದರ ಪ್ರಕಾರ ಹೊಗೆ ಬಂದಾಗ ಗಿಡಗಳು ಹೊಲದಲ್ಲಿದ್ದವು. ಅಂದರೆ ನಿಂತ ಬೆಳೆ. ಅಂದರೆ ಕ್ಲೇಮು ಇಲ್ಲ.

ಡೋರೀನ್ ಎಫ್ರೈನನನ್ನು ಕರೆಸಿದಳು. ಅವನು ಅವಳನ್ನು ‘ಹೆಫಾ’ ಎನ್ನುತ್ತಾನೆ. ಸ್ಪ್ಯಾನಿಷ್‌ನಲ್ಲಿ ಯಜಮಾನಿ ಎಂದರ್ಥ.

“ಗುರುವಾರದ ಕೂಲಿ ಕೊಟ್ಟಿದ್ದೀರಲ್ಲ ಹೆಫಾ, ಚೀಟಿ ಇದೆ,” ಎಂದ ಎಫ್ರೈನ್. “ಭಾನುವಾರ ನಾನು ಚರ್ಚಲ್ಲಿದ್ದೆ. ಬೇಕಿದ್ರೆ ಪಾದ್ರಿಗಳನ್ನ ಕರ್ಕೊಂಡು ಬರ್ತೀನಿ, ಅವರ ಪ್ರಸಂಗದಲ್ಲಿ ನಿದ್ದೆ ಹೊಡೀತಿದ್ದೆ ಅಂತ ಅವರೇ ಹೇಳ್ತಾರೆ.”

ಕರ್ಟ್ ನಕ್ಕ. ಕೂಲಿ ಚೀಟಿಯ ಫೋಟೋ ತೆಗೆದುಕೊಂಡ. ಆಮೇಲೆ ಮುಳ್ಳುಚಮಚ ಕೆಳಗಿಟ್ಟು ಹೇಳಿದ: “ಮೇಡಂ, ನಿಮ್ಮ ಮಾತು ನಾನು ನಂಬ್ತೀನಿ. ಆದ್ರೆ ನಾನು ನಂಬಿದ್ದನ್ನ ಬರೆಯೋಕೆ ನನ್ನ ಫಾರಮ್‌ನಲ್ಲಿ ಜಾಗ ಇಲ್ಲ. ಗುರುವಾರ ಅಂತ ನೀವು ಪ್ರಮಾಣ ಮಾಡಿ ಬರೆದುಕೊಟ್ರೆ, ಸರ್ಕಾರಕ್ಕೆ ಸುಳ್ಳು ತಾರೀಖು ಕೊಟ್ಟೆ ಅಂತಾನೂ ಬರೆದುಕೊಟ್ಟ ಹಾಗೆ. ಆಮೇಲೆ ನಮ್ಮ ವಕೀಲರು, ಕಾನೂನು ಮುರಿದ ಸರಕಿಗೆ ವಿಮೆ ಇಲ್ಲ ಅಂತಾರೆ. ಅದನ್ನ ಈಗಲೇ ಹೇಳಿಬಿಡ್ತೀನಿ.”

ಮರುದಿನ ಅವಳು ನನ್ನ ಕಚೇರಿಗೆ ಬಂದಳು. ನಾನು ಇರುವುದನ್ನು ಇದ್ದ ಹಾಗೆ ಹೇಳಿದೆ. ಭಾನುವಾರ ಎಂದೇ ಸುಮ್ಮನಿದ್ದರೆ ಲೈಸೆನ್ಸ್ ಉಳಿಯುತ್ತದೆ. ವರ್ಷದ ಬೆಳೆ ಹೋಗುತ್ತದೆ. ಗಾಂಜಾ ಬೆಳೆಯುವವರಿಗೆ ಬ್ಯಾಂಕು ಸಾಲ ಕೊಡುವುದಿಲ್ಲವಾದ್ದರಿಂದ ಮುಂದಿನ ವರ್ಷ ಬಿತ್ತುವುದಕ್ಕೆ ಅವಳ ಬಳಿ ಏನೂ ಇರುವುದಿಲ್ಲ. ಗುರುವಾರ ಎಂದು ಕಂಪನಿಗೆ ಹೇಳಿದರೆ ಕ್ಲೇಮು ಸಿಗಬಹುದು, ಸಿಗದೆಯೂ ಇರಬಹುದು. ಆ ಮಾತು ಸರ್ಕಾರದ ಕಿವಿಗೂ ಬಿದ್ದು ಲೈಸೆನ್ಸ್ ಹೋದರೆ ಸಿಕ್ಕ ಹಣದಿಂದ ಮಾಡುವ ಕೆಲಸವೇ ಇರುವುದಿಲ್ಲ.

“ಪಾಲಿಸಿ ಮಾರೋವಾಗ ಇಷ್ಟು ನಿಧಾನವಾಗಿ ಮಾತಾಡಿರಲಿಲ್ಲ ನೀನು, ವೆಂಡಲ್,” ಎಂದಳು ಡೋರೀನ್. ಅವಳು ಹೇಳಿದ್ದು ನಿಜವಾಗಿತ್ತು.

ಆಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು: ಗುರುವಾರ ಎಂದು ಮೊದಲು ಕಂಪನಿಗೆ ಹೇಳದೆ ಸರ್ಕಾರಕ್ಕೇ ಹೇಳಿದರೆ? ಹದಿನೆಂಟು ವರ್ಷದ ನನ್ನ ಕೆಲಸದಲ್ಲಿ ತಾವಾಗಿ ಲೈಸೆನ್ಸ್ ಕಚೇರಿಗೆ ಹೋಗಿ ತಪ್ಪೊಪ್ಪಿಕೊಂಡ ಬೆಳೆಗಾರರನ್ನು ನಾನು ನೋಡಿರಲಿಲ್ಲ. ಹಾಗೆಂದು ಹೇಳಿದೆ. ಮನಸ್ಸು ಬಂದರೆ ಅವರು ಲೈಸೆನ್ಸ್ ರದ್ದು ಮಾಡಬಹುದು ಎಂದೂ ಹೇಳಿದೆ.

“ಮಾಡ್ಲಿ,” ಎಂದಳು. “ಅವರಾಗಿ ಕಂಡುಹಿಡಿದ್ರೆ ನಾನು ಕಳ್ಳಿ. ನಾನೇ ಹೋಗಿ ಹೇಳಿದ್ರೆ ಬರೀ ದಡ್ಡಿ. ದಡ್ಡರಿಗೆ ಎಷ್ಟು ಶಿಕ್ಷೆ ಅಂತ ಕೇಳೋಣ.”

ಪತ್ರವನ್ನು ನನ್ನ ಮೇಜಿನ ಮೇಲೆಯೇ ಬರೆದಳು. ಒಂದೂವರೆ ಪುಟ. ಕರೆಂಟು ಹೋದ ಹೊತ್ತು, ಕೊಯ್ದವರ ಹೆಸರು, ಭಾನುವಾರ ಯಾಕೆ ಆ ತಾರೀಖು ಹಾಕಿದೆ ಎಂಬುದು. ಕೊನೆಯದನ್ನು ಬಿಡಬಹುದಲ್ಲ ಎಂದು ನಾನು ಸೂಚಿಸಿದೆ. ಬಿಡಲಿಲ್ಲ.

ಪತ್ರ ಕಳಿಸಿದ ಮೂರನೇ ವಾರದಲ್ಲಿ ಲೈಸೆನ್ಸ್ ಕಚೇರಿಯಿಂದ ಇನ್‌ಸ್ಪೆಕ್ಟರ್ ಬಂದಳು. ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ನಾನೂರ ಹನ್ನೆರಡು ಚೀಟಿಗಳನ್ನೂ ಒಂದೊಂದಾಗಿ ದಾಖಲೆಗೆ ತಾಳೆ ನೋಡಿದಳು. ಅದಕ್ಕೆ ಆರು ಗಂಟೆ ಹಿಡಿಯಿತು. ಎಫ್ರೈನ್ ಏಣಿ ಹಿಡಿದು ನಿಂತಿದ್ದ, ನಾನು ಶೆಡ್ಡಿನ ಬಾಗಿಲಲ್ಲಿ. ಒಂದೇ ಒಂದು ಚೀಟಿ ಕಡಿಮೆ ಬಿದ್ದಿದ್ದರೂ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮುನ್ನೂರ ತೊಂಬತ್ತನೆಯದರ ಹತ್ತಿರ ಡೋರೀನ್ ಹೊರಗೆ ಹೋಗಿ ಜಗಲಿಯ ಮೆಟ್ಟಿಲ ಮೇಲೆ ಕೂತಳು. ನಾನೂ ಹೋದೆ.

ಲೆಕ್ಕ ಸರಿಬಂತು. ನವೆಂಬರ್ ಮೊದಲ ವಾರ ಆದೇಶ ಬಂತು. ಮೊದಲ ವಾಕ್ಯ ಹೀಗಿತ್ತು: “ಲೈಸೆನ್ಸ್‌ದಾರರು ಸೆಪ್ಟೆಂಬರ್ ತಿಂಗಳ ಮೂರನೇ ಗುರುವಾರದಂದು ಕೊಯ್ದ ನಾನೂರ ಹನ್ನೆರಡು ಗಿಡಗಳನ್ನು ಭಾನುವಾರ ಕೊಯ್ದುದಾಗಿ ತಪ್ಪಾಗಿ ದಾಖಲಿಸಿರುತ್ತಾರೆ.” ಮುಂದೆ ದಂಡ. ಅದರ ಮುಂದೆ, ಮಾಲು ಪೂರ್ತಿಯಾಗಿ ಲೈಸೆನ್ಸ್ ಪಡೆದ ಜಾಗದಲ್ಲೇ ಇತ್ತು, ತಪ್ಪು ದಾಖಲೆಯದೇ ಹೊರತು ಸರಕಿನದಲ್ಲ ಎಂಬ ಮಾತು. ಲೈಸೆನ್ಸ್ ಉಳಿಯಿತು; ಎರಡು ವರ್ಷದೊಳಗೆ ಇಂಥದೇ ಇನ್ನೊಂದು ತಪ್ಪಾದರೆ ರದ್ದು.

ನಾನು ಮೊದಲ ವಾಕ್ಯವನ್ನು ಎರಡು ಸಲ ಓದಿದೆ. ಕೊಯ್ದದ್ದು ಗುರುವಾರ ಎಂದು ಈಗ ಸರ್ಕಾರವೇ ಮೊಹರು ಹಾಕಿ ಬರೆದುಕೊಟ್ಟಿತ್ತು.

ಕ್ಲೇಮಿನ ಪ್ರಮಾಣಪತ್ರಕ್ಕೆ ನೋಟರಿ ಸಹಿ ಬೇಕಿತ್ತು. ಬ್ಯಾಂಕಿನಲ್ಲಿ ಕೂರುವ ನೋಟರಿ ‘ಗಾಂಜಾ’ ಎಂಬ ಪದ ಕಂಡೊಡನೆ ಕಾಗದವನ್ನು ಹಿಂದಕ್ಕೆ ತಳ್ಳಿದ. ಕೊನೆಗೆ ಮೀನು ಗಾಳದ ಸಾಮಾನು ಮಾರುವ ಅಂಗಡಿಯಾಕೆ ಮೊಹರು ಹಾಕಿಕೊಟ್ಟಳು. ಆಕೆಗೂ ನೋಟರಿ ಪರವಾನಗಿ ಇದೆ.

ಕಂಪನಿಯ ವಕೀಲರು, ಕರ್ಟ್ ಹೇಳಿದ್ದಂತೆ, ಕಾನೂನು ಮುರಿದ ಸರಕು ಎಂಬ ತಕರಾರನ್ನೇ ತೆಗೆದರು. ಕರ್ಟ್ ಆದೇಶದ ಪ್ರತಿಯನ್ನು ಅವರ ಮುಂದಿಟ್ಟ. ಡಿಸೆಂಬರ್ ಹನ್ನೊಂದರಂದು ಅವನು ನನ್ನ ಕಚೇರಿಗೆ ಫೋನ್ ಮಾಡಿದಾಗ ಡೋರೀನ್ ಎದುರಿಗೇ ಕೂತಿದ್ದಳು. ಕ್ಲೇಮು ಒಪ್ಪಿದ್ದಾರೆ, ಪೂರ್ತಿ ಅಲ್ಲ, ಗಿಡ ಬಲಿಯದೆ ಕೊಯ್ದದ್ದಕ್ಕೆ ಕಾಲುಭಾಗ ಹಿಡಿದುಕೊಂಡು, ಎಂದ ಕರ್ಟ್. ನಾನು ಅದನ್ನೇ ಡೋರೀನಳಿಗೆ ಹೇಳಿದೆ.

ಅವಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. “ಕಾಲುಭಾಗ ಯಾಕೆ? ಮಾಗೋವರೆಗೆ ಕಾಯ್ತಾ ಕೂತಿದ್ರೆ ಅದು ನಿಮ್ಮ ಲೆಕ್ಕದಲ್ಲಿ ಬರೀ ನಿಂತ ಬೆಳೆ.”

ಆ ಕಡೆಯಿಂದ ಕರ್ಟ್ ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಸರಿ, ಅದನ್ನೂ ಬರೆದು ಕಳಿಸಿ, ಓದಿ ನೋಡಿ ಸಹಿ ಹಾಕ್ತೀನಿ ಎಂದು ಫೋನಿಟ್ಟು, ಎಫ್ರೈನನಿಗೆ ಹೇಳಬೇಕು ಎನ್ನುತ್ತ ಎದ್ದಳು. ವಸಂತಕ್ಕೆ ಬೇಕಾದ ಸಸಿಗಳನ್ನು ಆ ವಾರದೊಳಗೆ ಗೊತ್ತುಮಾಡಬೇಕಿತ್ತು.